ಪ್ಯಾಕೆಟ್ ಒಡೆಯಬೇಡಿ

ಸಬ್ಹಾ ನನ್ನ ಕೆನ್ನೆಗೆ ಬಾರಿಸಿದಳು. ಬಾಯಲ್ಲಿದ್ದ ಗೋಧಿ ಕಾಳು ಸಿಮೆಂಟು ನೆಲದ ಮೇಲೆ ಚೆಲ್ಲಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಕುತ್ತಿಗೆ ಹಿಡಿದು ಸಿಂಕಿಗೆ ಬಗ್ಗಿಸಿದಳು. ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದಳು. ನೀರು ಕುಡಿಸಿ ಮತ್ತೆ ಕಕ್ಕಿಸಿದಳು.

“ಅದು ತಿನ್ನೋದಲ್ಲ ಗಂಗಾ! ವಿಷ ಅದು! ಬುದ್ಧಿ ಇಲ್ಲವಾ ನಿನಗೆ?”

ಅವಳದೂ ಮುರುಕು ಇಂಗ್ಲಿಷ್, ನನ್ನದೂ ಮುರುಕು ಇಂಗ್ಲಿಷ್. ಎರಡೂ ಸೇರಿದರೆ ಹೇಗೋ ಒಂದು ಪೂರ್ತಿ ಮಾತಾಗುತ್ತಿತ್ತು. ಇಲ್ಲಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾನು ಮಾಡಿದ ಎಡವಟ್ಟನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನಾನು ಲಿಂಗಸೂಗೂರು ಸೀಮೆಯವಳು. ಅಲ್ಲಿ ಜೋಳ ಹಾಲುಗಾಳಾದಾಗ ತೆನೆ ಮುರಿದು, ಹೊಲದಲ್ಲೇ ಕೆಂಡ ಮಾಡಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿ ಕಾಳು ಬಾಯಿಗೆ ಹಾಕಿಕೊಳ್ಳುತ್ತೇವೆ. ಸೀತನಿ ಎನ್ನುತ್ತೇವೆ. ಹೊಲ ಗೌಡರದು, ಮೈಮುರಿ ದುಡಿತ ನಮ್ಮ ಹೊಲಗೇರಿಯದು. ಅವರು ತಿಂದು ಕೈ ಝಾಡಿಸಿ ಎದ್ದ ಮೇಲೆ ಬೂದಿಯಲ್ಲಿ ಉಳಿದ ತೆನೆ ನಮಗೆ. ಆದರೂ ಆ ರುಚಿ ನಾಲಿಗೆ ಬಿಟ್ಟಿಲ್ಲ. ಸಬ್ಹಾಳ ಊರಲ್ಲಿ ಹಸಿ ಗೋಧಿಯನ್ನು ಹೀಗೇ ಸುಡುತ್ತಾರಂತೆ. ಫ್ರೀಕೆ ಎನ್ನುತ್ತಾರಂತೆ. ನಮ್ಮಿಬ್ಬರ ಗೆಳೆತನ ಶುರುವಾದದ್ದೇ ಆ ಮಾತಿನಿಂದ. ಆ ದಿನ ಊಟದ ಬಿಡುವಿನಲ್ಲಿ ಅವಳು ಒಂದು ದಿಂಬಿನ ಹೊಲಿಗೆ ಬಿಚ್ಚಿ, ಕಂದು ಬಣ್ಣದ ಗೋಧಿ ತೆನೆಗಳನ್ನು ಮೇಜಿನ ಮೇಲಿಟ್ಟಳು. ನಾನು ಏನು ಎತ್ತ ಎಂದು ಕೇಳಲಿಲ್ಲ. ತವರು ಕಂಡಂತಾಯಿತು. ಒಂದು ತೆನೆ ಎತ್ತಿ ತಿಕ್ಕಿದೆ, ಊದಿದೆ, ಬಾಯಿಗೆ ಹಾಕಿಕೊಂಡೆ.

ನಾವು ದುಡಿಯುತ್ತಿದ್ದದ್ದು ಡೆಟ್ರಾಯಿಟ್‌ನ ಒಂದು ಲಾಂಡ್ರಿಯಲ್ಲಿ. ಕಾರು ಕಾರ್ಖಾನೆಗಳಲ್ಲಿ ಎಣ್ಣೆ ಒರೆಸಿದ ಬಟ್ಟೆ ಮೂಟೆಮೂಟೆಯಾಗಿ ಬರುತ್ತಿತ್ತು. ಅದರಲ್ಲಿ ಕಬ್ಬಿಣದ ಚೂರು ಇರುತ್ತಿತ್ತು. ಕೊಡವುವಾಗ ಬೆರಳು ಸೀಳುತ್ತಿತ್ತು, ಸೀಳಿದ ಬೆರಳನ್ನೇ ಬಟ್ಟೆಸೋಡಾದ ಕಾರದ ನೀರಿಗೆ ಹಾಕಬೇಕು. ಉಗಿಯಲ್ಲಿ ನಿಂತು ನಿಂತು ಪಾದ ಊದಿಕೊಂಡು ಚಪ್ಪಲಿಗೆ ಹೋಗುತ್ತಿರಲಿಲ್ಲ. ಬಿಳಿಯ ಹೆಂಗಸರು ಆ ಸಾಲಿಗೆ ಬರುತ್ತಿರಲಿಲ್ಲ. ಕರಿಯರು, ನಾನು, ಸಬ್ಹಾ ಅಷ್ಟೇ.

ಬಾಯಿ ತೊಳೆಸಿ ಮುಗಿದ ಮೇಲೆ ಅವಳು ನೆಲಕ್ಕೆ ಕೂತು ಚೆಲ್ಲಿದ ಕಾಳು ಆರಿಸಿದಳು. ಆರಿಸುತ್ತಲೇ ಹೇಳಿದಳು.

ಅವಳ ಊರು ಪ್ಯಾಲೆಸ್ತೀನಿನ ಒಂದು ಗುಡ್ಡದ ಮೇಲೆ. ಹೊಲಗಳು ಇಳಿಜಾರಿನಲ್ಲಿ, ಜೋರ್ಡಾನ್ ನದಿಯ ಕಡೆಗೆ. ಅರವತ್ತೇಳರ ಯುದ್ಧದಲ್ಲಿ ಇಸ್ರೇಲಿನ ಸೇನೆ ಬಂತು. ಹೋಗಲಿಲ್ಲ. ಗುಂಡು ಹಾರಿಸುವ ತಾಲೀಮಿಗೆ ಈ ಹೊಲ ಬೇಕು, ಬಿಡಿ ಎಂದಿತು. ಇವರು ಬಿಡಲಿಲ್ಲ. ಕಳೆ ಕೀಳುವ ಹೆಂಗಸರ ತಲೆಯ ಮೇಲೆ ಗುಂಡು ಹಾರಿಸಿದರು. ಹೆಂಗಸರು ಇನ್ನಷ್ಟು ಬಗ್ಗಿ ಕಳೆ ಕಿತ್ತರು. ಐದು ವರ್ಷದ ಮೇಲೆ, ಈ ವಸಂತದಲ್ಲಿ, ಗೋಧಿ ಹಾಲುಗಾಳಾಗಿತ್ತು. ಒಂದು ಸಣ್ಣ ವಿಮಾನ ತೀರ ಕೆಳಗೆ ಬಂದು, ಉತ್ತಂತೆ ಸಾಲು ಹಿಡಿದು ಹೊಲದ ಮೇಲೆ ಏನೋ ಸಿಂಪಡಿಸಿತು. ಅವಳ ಅಪ್ಪ ತಲೆಯ ವಸ್ತ್ರ ಬಿಚ್ಚಿ ಬೀಸುತ್ತ, ಬೇಡ ಬೇಡ ಎಂದು ಕೂಗುತ್ತ ಅದರ ಕೆಳಗೇ ಓಡಿದ. ಅಡಿಯಿಂದ ಮುಡಿವರೆಗೆ ತೊಯ್ದ. ಕೆಲವೇ ದಿನದಲ್ಲಿ ಹಸಿರು ಹೊಲ ಕಂದಾಯಿತು. ಅದನ್ನು ಮೇಯ್ದ ಆಡುಗಳು ಮಲಗಿದಲ್ಲಿಂದ ಏಳಲಿಲ್ಲ. ಅಪ್ಪನ ಕಣ್ಣಿಗೆ ಈಗ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಮ್ಮಲ್ಲಿ ಹೇಳುತ್ತಾರೆ. ಅಲ್ಲಿ ಬೇಲಿ ಹಾರಿಕೊಂಡು ಬಂದಿತ್ತು.

“ಅಮ್ಮ ಒಂದೇ ಮಾತು ಕೇಳಿದಾಳೆ,” ಎಂದಳು ಸಬ್ಹಾ. “ಬಿತ್ತಬಹುದಾ, ಬೇಡವಾ?”

ಮಡಕೆಯಲ್ಲಿ ಉಳಿದಿರುವುದು ಒಂದೇ ಬಿತ್ತನೆಗೆ ಆಗುವಷ್ಟು ಬೀಜ. ಮಳೆ ನವೆಂಬರಿನಲ್ಲಿ. ಮಣ್ಣಿನಲ್ಲಿ ವಿಷ ಕೂತಿದ್ದರೆ ಬೀಜವೂ ಹೋಯಿತು, ಮುಂದೆ ಬಿತ್ತಲು ಏನೂ ಇಲ್ಲ. ಹೆದರಿ ಬಿತ್ತದೆ ಬಿಟ್ಟರೆ ಪಾಳು ಬಿದ್ದ ನೆಲ ಎಂದು ಬರೆದು ಸೇನೆ ಕಿತ್ತುಕೊಳ್ಳುತ್ತದೆ. ಸಿಂಪಡಿಸಿದ್ದು ಯಾವ ವಿಷ ಎಂದು ಗೊತ್ತಾದರೆ ತಾನೆ ಉತ್ತರ? ಊರಿಗೆ ಹೋಗಿದ್ದ ಸಬ್ಹಾಳ ಅತ್ತೆ ತೆನೆಗಳನ್ನು ದಿಂಬಿನಲ್ಲಿ ಹೊಲಿದು ವಿಮಾನದಲ್ಲಿ ತಂದಿದ್ದಳು. ಸಬ್ಹಾ ಅವನ್ನು ಹಿಡಿದು ಇಲ್ಲಿನ ಒಂದು ಕೃಷಿ ಕಚೇರಿಗೆ ಹೋಗಿದ್ದಳು. ಹೊಲ ಇಲ್ಲಿನ ಯಾವ ಕೌಂಟಿಯಲ್ಲಿ, ಅಂದರೆ ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರು. ಎಲ್ಲಿದೆ ಎಂದು ಹೇಳಿದ ಕೂಡಲೇ ತೆನೆಗಳನ್ನು ಅವಳ ಕಡೆಗೇ ತಳ್ಳಿದರು. ಅವನ್ನು ಮತ್ತೆ ದಿಂಬಿಗೇ ಹೊಲಿದಿಟ್ಟಿದ್ದಳು.

“ನಿಮ್ಮ ಜನದಲ್ಲಿ ತುಂಬಾ ಓದಿದವರು ಇದಾರಲ್ಲ, ಗಂಗಾ,” ಎಂದಳು.

ಇದ್ದರು. ನಮ್ಮ ಜನ ಎನ್ನುವುದೊಂದೇ ಅನುಮಾನ.

ಡೆಟ್ರಾಯಿಟ್ ಪಕ್ಕದ ವಾರೆನ್ ಸುತ್ತಮುತ್ತ ಆಗ ಕೆಲವು ಕನ್ನಡದ ಕುಟುಂಬಗಳು ಸೇರಿ ಕೂಟ ಮಾಡಿಕೊಂಡಿದ್ದವು. ಡಾಕ್ಟರುಗಳು, ಎಂಜಿನಿಯರುಗಳು. ಹಬ್ಬಕ್ಕೆ, ಪಿಕ್‌ನಿಕ್ಕಿಗೆ ಒಬ್ಬೊಬ್ಬರು ಒಂದೊಂದು ಅಡಿಗೆ ಮಾಡಿ ತರುವ ಪದ್ಧತಿ. ಮೊದಲನೆಯ ಸಲ ಹೋದಾಗ ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದ್ದರು. ನನ್ನ ಗಂಡ ಶರಣಪ್ಪ ಸುಳ್ಳು ಹೇಳುವವನಲ್ಲ. ಸರ್ಕಾರದ ಹಾಸ್ಟೆಲಿನಲ್ಲಿ, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಬಿ.ಇ. ಓದಿದೆ ಎಂದ. ಅಷ್ಟು ಸಾಕಾಯಿತು. ಅಂದಿನಿಂದ ಪ್ರತಿ ಸಲವೂ ಕಾರ್ಯದರ್ಶಿಯ ಹೆಂಡತಿ ಪದ್ಮ ಫೋನ್ ಮಾಡುತ್ತಿದ್ದರು. ಮೈಸೂರಿನವರು, ಮಾತು ಬೆಣ್ಣೆ.

“ನೀಲಗಂಗಾ, ನೀವು ಪಾಪ ಕೆಲಸಕ್ಕೆ ಹೋಗ್ತೀರಿ. ಅಡಿಗೆ ಗಿಡಿಗೆ ಅಂತ ಏನೂ ಕಷ್ಟ ತಗೋಬೇಡಿ. ಪೇಪರ್ ಪ್ಲೇಟ್ ತಂದ್ಬಿಡಿ, ಸಾಕು. ಮತ್ತೆ, ಪ್ಯಾಕೆಟ್ ಒಡೀಬೇಡಿ ಆಯ್ತಾ? ಧೂಳು ಬೀಳುತ್ತೆ.”

ಧೂಳು! ಬೇರೆಯವರ ಅಡಿಗೆಗೆ ಬೀಳದ ಧೂಳು ನನ್ನ ತಟ್ಟೆಗೆ ಬೀಳುತ್ತಿತ್ತು. ನಾನು ತಂದ ಪ್ಯಾಕೆಟ್ಟಿನ ಅಂಟು ಸರಿಯಾಗಿದೆಯೇ ಎಂದು ಪದ್ಮ ತಿರುಗಿಸಿ ನೋಡುವುದನ್ನು ನಾನು ಕಂಡಿದ್ದೆ. ಕಂಡೂ ನುಂಗಿಕೊಂಡೆ. ಗಂಡನ ಸಲುವಾಗಿ.

ಶರಣಪ್ಪ ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಗೂಡಿನೊಳಗೆ ನಿಲ್ಲುತ್ತಿದ್ದ. ಇಂಡಿಯಾದ ಡಿಗ್ರಿಗೆ ಇಲ್ಲಿ ಅಷ್ಟೇ ಬೆಲೆ, ಅದೂ ಶಿಫಾರಸು ಇಲ್ಲದವನ ಡಿಗ್ರಿಗೆ. ಮನೆಗೆ ಬಂದು ಕೆಮ್ಮಿದರೆ, ಉಗುಳಿನ ಬಣ್ಣ ನೋಡಿ ಅಂದು ಯಾವ ಬಣ್ಣದ ಕಾರು ಎಂದು ನಾನು ಹೇಳುತ್ತಿದ್ದೆ. ಅವನಿಗೆ ಮಾತು ಕೊಟ್ಟಿದ್ದವರು ಹಯವದನ ಎಂಬುವರು. ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿ ಕಳೆನಾಶಕ ತಯಾರಿಸುವ ಒಂದು ಕಂಪನಿಯಲ್ಲಿ ದೊಡ್ಡ ವಿಜ್ಞಾನಿ. ‘ನಮ್ಮ ಕಂಪನಿಗೆ ಅಪ್ಲೈ ಮಾಡಪ್ಪಾ, ನಾನು ಒಂದು ಮಾತು ಹಾಕ್ತೀನಿ’ ಎಂದಿದ್ದರು. ಅವರೇ ಆಗಸ್ಟಿನ ಪಿಕ್‌ನಿಕ್ಕಿಗೆ ಮುಖ್ಯ ಅತಿಥಿ. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ, ಬೆಳ್ಳಿ ಹಬ್ಬ.

“ಸಬ್ಹಾನ್ನ ಕರಕೊಂಡು ಹೋಗಿ ಅವರಿಗೆ ತೆನಿ ತೋರಸ್ತೀನಿ,” ಎಂದೆ ಮನೆಯಲ್ಲಿ.

ಬೂಟಿನ ದಾರ ಬಿಚ್ಚುತ್ತಿದ್ದ ಶರಣಪ್ಪ ತಲೆಯೆತ್ತಿದ. “ನನ್ನ ಅರ್ಜಿ ಅವರ ಮೇಜಿನ ಮ್ಯಾಲ ಐತಿ, ನೀಲಾ.”

“ಗೊತ್ತೈತ್ರಿ. ಬರೇ ಕೇಳೂದು. ಕೇಳಿದ್ರ ಏನು ಹೋಗ್ತದ?”

“ಕೇಳಿದ್ರ ಏನು ಹೋಗ್ತದ ಅಂತ ನಮ್ಮಪ್ಪನೂ ಕೇಳಿದ್ದ, ಗೌಡರ ಕಟ್ಟಿ ಮುಂದ ನಿಂತು,” ಎಂದ. ಆದರೆ ಬೇಡ ಎನ್ನಲಿಲ್ಲ.

ಪಾರ್ಕಿನಲ್ಲಿ ಧ್ವಜ ಹಾರಿತು. ಬಿಸಿಲು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಉದ್ದದ ಮೇಜಿನ ಮೇಲೆ ಬಿಸಿಬೇಳೆಬಾತು, ಪುಳಿಯೋಗರೆ, ಕೋಸಂಬರಿ, ಮೊಸರನ್ನ, ಎಲ್ಲಕ್ಕೂ ಅಲ್ಯುಮಿನಿಯಂ ಹಾಳೆಯ ಮುಸುಕು. ಸಬ್ಹಾ ಕಸೂತಿಯ ಕರಿ ಅಂಗಿ ತೊಟ್ಟು, ತೆನೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮರದ ಕೆಳಗೆ ಕೂತಳು. ಅವಳು ಯಾರು ಎಂದು ಪದ್ಮ ಕೇಳಿದರು. ಗೆಳತಿ ಎಂದೆ. “ಓ, ಹೌದಾ,” ಎಂದು ಪುಳಿಯೋಗರೆಯ ಪಾತ್ರೆಯನ್ನು ಮೇಜಿನ ಆ ತುದಿಗೆ ಸರಿಸಿದರು.

ಹಯವದನರು ಹಸಿರು ಕ್ರಾಂತಿಯ ಬಗ್ಗೆ ಮಾತಾಡಿದರು. ರಸಾಯನವೇ ರೈತನ ಮಿತ್ರ ಎಂದರು. ಹಸಿದ ಜಗತ್ತಿಗೆ ಅನ್ನ ಕೊಡುವುದು ತಮ್ಮಂಥವರ ಪ್ರಯೋಗಶಾಲೆ ಎಂದರು. ಚಪ್ಪಾಳೆ ಬಿತ್ತು. ಅವರು ಕೆಳಗಿಳಿದ ಕೂಡಲೇ ನಾನು ಸಬ್ಹಾಳನ್ನು ಮುಂದೆ ಮಾಡಿಕೊಂಡು ಹೋದೆ. ಎಲ್ಲ ಹೇಳಿದೆ. ಸಬ್ಹಾ ಕರವಸ್ತ್ರ ಬಿಚ್ಚಿದಳು.

ಅವರು ಒಂದು ತೆನೆ ಎತ್ತಿಕೊಂಡರು. ತಿರುಗಿಸಿದರು, ಮೂಸಿದರು. ಮುಖದ ನಗು ಆರಿತು.

“ಇದು... ತುಕ್ಕು ರೋಗ ಕಣಮ್ಮಾ. ಗೋಧಿಗೆ ಬರುತ್ತೆ.”

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಸಬ್ಹಾಳಿಗೆ ಹೇಳಿದೆ. “ವಿಮಾನ ಬಂದು ಹೊಡೆದದ್ದು,” ಎಂದಳು ಅವಳು. “ನನ್ನ ಅಪ್ಪ ಕೆಳಗಿದ್ದ.”

“ಇವೆಲ್ಲ ಪಾಲಿಟಿಕ್ಸ್. ನನಗೇನೂ ಗೊತ್ತಿಲ್ಲ. ಇಲ್ಲಿ ಇದೆಲ್ಲ ಬೇಡ.” ತೆನೆಯನ್ನು ಹುಲ್ಲಿನ ಮೇಲೆ ಹಾಕಿದರು. ಆಮೇಲೆ ಕಿಸೆಯಿಂದ ವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ಒಂದೊಂದೇ ಬೆರಳು. ಅಷ್ಟೂ ಸಾಲದೆ ನೇರ ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದರು.

ತುಕ್ಕು ರೋಗಕ್ಕೆ ಯಾರಾದರೂ ಹೀಗೆ ಕೈ ತೊಳೆಯುತ್ತಾರೆಯೇ? ನಾನು ತಿಂದದ್ದನ್ನು ಅವರು ಮುಟ್ಟಲೂ ಹೆದರಿದ್ದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಸಬ್ಹಾ ಬಗ್ಗಿ ತೆನೆ ಎತ್ತಿಕೊಂಡು, ಹುಲ್ಲು ಕೊಡವಿ ಮತ್ತೆ ಕರವಸ್ತ್ರದಲ್ಲಿ ಸುತ್ತಿದಳು. ಅವಳು ಬಗ್ಗಿದ್ದು ನನಗೆ ನೋಡಲಾಗಲಿಲ್ಲ.

“ಊಟಕ್ಕೆ ಏಳಿ ಎಲ್ಲಾ!” ಎಂದು ಪದ್ಮ ಕೂಗಿದರು. “ನೀಲಗಂಗಾ, ಪ್ಲೇಟ್ ತನ್ನಿ.”

ತಟ್ಟೆಗಳ ರಟ್ಟಿನ ಪೆಟ್ಟಿಗೆ ನಮ್ಮ ಕಾರಿನ ಪಕ್ಕದಲ್ಲಿತ್ತು. ನಾನು ಹೋಗಿ ಅದರ ಮೇಲೆ ಕೂತೆ.

“ನೀಲಗಂಗಾ?”

“ಕೊಡಂಗಿಲ್ರಿ.”

ಪದ್ಮ ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಹತ್ತಿರ ಬಂದು ನನ್ನ ಮುಖ ನೋಡಿದ ಮೇಲೆ ನಗು ನಿಂತಿತು.

“ಏನ್ರೀ ಇದು? ಮಕ್ಕಳು ಹಸ್ಕೊಂಡಿದಾವೆ ಕಣ್ರೀ.”

“ಆಕಿ ಊರಾಗೂ ಮಕ್ಕಳದಾವ್ರಿ. ಹಯವದನ ಸಾಹೇಬ್ರು ಒಂದು ಮಾತು ಹೇಳ್ಲಿ. ಬಿತ್ತಬಹುದೋ, ಬ್ಯಾಡೋ. ಖರೇ ಹೇಳ್ಲಿ. ಆಮ್ಯಾಲ ತಾಟು.”

ಜನ ಸೇರಿದರು. ಕೂಟದ ಅಧ್ಯಕ್ಷ ಜಗನ್ನಾಥ ಬಂದರು. “ಇದೇನಮ್ಮಾ, ಸ್ಟ್ರೈಕಾ? ಫ್ಯಾಕ್ಟರಿ ಅಂದ್ಕೊಂಡ್ರಾ?” ಎಂದರು. ಯಾರೋ ಅಂಗಡಿಗೆ ಹೋಗಿ ತಟ್ಟೆ ತರುತ್ತೇನೆಂದು ಕಾರು ಹತ್ತಿ ಹೋಗಿ ಬರಿಗೈಯಲ್ಲಿ ಬಂದರು. ಭಾನುವಾರ, ಬಾಗಿಲು ಮುಚ್ಚಿತ್ತು. ಹಿಂದಿನಿಂದ ಒಂದು ಹೆಣ್ಣು ದನಿ ಮೆಲ್ಲಗೆ ಹೇಳಿತು: “ಇಂಥೋರನ್ನ ಸೇರಿಸ್ಕೊಂಡ್ರೆ ಹೀಗೇ ಆಗೋದು.” ಮೆಲ್ಲಗೆ ಹೇಳಿದ್ದು ನನಗೆ ಕೇಳಲೆಂದೇ.

ಕೇಳಿತು. ಕೇಳಿದ್ದೇ ಒಳ್ಳೆಯದಾಯಿತು. ಅಲ್ಲಿಯವರೆಗೆ ಪೆಟ್ಟಿಗೆಯ ಅಂಚಿಗೆ ಕೂತಿದ್ದೆ, ಆಮೇಲೆ ನಡುವಿಗೆ ಸರಿದು ಕೂತೆ.

ಚಿಕ್ಕವಳಿದ್ದಾಗ ನಮ್ಮೂರ ಬಾವಿಯ ಕಟ್ಟೆಯ ಕೆಳಗೆ ಅವ್ವನ ಜೊತೆ ಕೊಡ ಇಟ್ಟುಕೊಂಡು ಕೂರುತ್ತಿದ್ದೆ. ಕಟ್ಟೆ ಹತ್ತುವಂತಿಲ್ಲ, ಹಗ್ಗ ಮುಟ್ಟುವಂತಿಲ್ಲ. ಮೇಲಿನವರು ಯಾರಾದರೂ ಮನಸ್ಸು ಮಾಡಿ ನಮ್ಮ ಕೊಡಕ್ಕೆ ನೀರು ಹೊಯ್ಯಬೇಕು. ಬಿಸಿಲು ನೆತ್ತಿಗೆ ಬಂದರೂ ಕೂರಬೇಕು. ‘ಯವ್ವಾ, ಒಂದು ಕೊಡ, ಯವ್ವಾ’ ಎನ್ನುತ್ತಲೇ ಇರಬೇಕು. ಈಗ ಅವರೆಲ್ಲ ಬಿಸಿಲಲ್ಲಿ ನಿಂತಿದ್ದರು. ಅನ್ನ ಎದುರಿಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ನನಗೆ ಸಂತೋಷವಾಯಿತು. ಹೌದು, ಆಯಿತು. ಸುಳ್ಳು ಯಾಕೆ ಹೇಳಲಿ?

“ಶರಣಪ್ಪಾ,” ಎಂದರು ಹಯವದನರು. ದನಿ ತಣ್ಣಗಿತ್ತು. “ನಿಮ್ಮ ಮಿಸೆಸ್‌ಗೆ ಸ್ವಲ್ಪ ಹೇಳಿ. ನಿಮ್ಮ ಭವಿಷ್ಯದ ಪ್ರಶ್ನೆ ಇದು.”

ಎಲ್ಲರೂ ಅವನತ್ತ ನೋಡಿದರು. ಅವನು ನನ್ನ ಕಡೆ ನಡೆದು ಬಂದ. ನನ್ನನ್ನು ಎಬ್ಬಿಸುತ್ತಾನೆ ಎಂದು ಅವರು ತಿಳಿದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದೆ. ಅವನು ನನ್ನನ್ನು ದಾಟಿ ಹೋಗಿ ಕಾರಿನ ಡಿಕ್ಕಿ ತೆಗೆದ. ಒಳಗಿದ್ದ ಲೋಟಗಳ ಪೆಟ್ಟಿಗೆಯನ್ನು ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟು ಸಬ್ಹಾಳಿಗೆ, “ಕೂಡ್ರವಾ ತಂಗಿ,” ಎಂದ. ಭಾಷೆ ಬಾರದ ಅವಳು ಕೂತಳು. ಅವನು ನಮ್ಮಿಬ್ಬರ ಹಿಂದೆ ಕೈಕಟ್ಟಿ ನಿಂತ. ಒಮ್ಮೆ ಕೆಮ್ಮಿದ. ವಸ್ತ್ರಕ್ಕೆ ಹತ್ತಿದ್ದು ಹಿಂದಿನ ದಿನದ ನೀಲಿ ಬಣ್ಣ.

ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಪದ್ಮ ಅವರ ಮಗಳು, “ಮಾಮ್, ಐ ಆಮ್ ಸ್ಟಾರ್ವಿಂಗ್,” ಎಂದು ರಾಗ ಎಳೆದಳು. ಅವಳ ನೋಡಿ ಇನ್ನೆರಡು ಮಕ್ಕಳು ಅತ್ತವು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನನ್ನನ್ನು ಬಯ್ಯುತ್ತಿದ್ದವರು ಈಗ ಮೆಲ್ಲಗೆ ಹಯವದನರ ಕಡೆ ತಿರುಗತೊಡಗಿದರು. ಹಸಿವು ಯಾರ ಪಕ್ಷವನ್ನೂ ಬಹಳ ಹೊತ್ತು ವಹಿಸುವುದಿಲ್ಲ.

“ಹೇಳ್ಬಿಡಿ ಸಾರ್, ಏನೋ ಒಂದು,” ಎಂದರು ಜಗನ್ನಾಥ. “ನಿಮಗೆ ಗೊತ್ತಿರೋದು ತಾನೆ.”

ಹಯವದನರು ಟೈ ಸಡಿಲಿಸಿದರು. ಕಾರುಗಳ ಕಡೆ ನೋಡಿದರು, ಕಂಪನಿಯವರು ಯಾರೋ ಅಲ್ಲಿ ಅಡಗಿದ್ದಾರೆ ಎನ್ನುವ ಹಾಗೆ.

“ನನ್ನ ಹೆಸರು ಎಲ್ಲೂ ಬರಬಾರದು.”

“ನಿಮ್ಮ ಹೆಸರು ತಗೊಂಡು ಆಕಿ ಏನು ಬಿತ್ತಾಳೇನ್ರಿ?” ಎಂದೆ.

“ಅದು ಎಲೆ ಸುಡೋ ಔಷಧ. ನಮ್ಮ ಪ್ರಯೋಗದ ಹೊಲದಲ್ಲಿ ನೋಡಿದೀನಿ. ಮಣ್ಣಿಗೆ ಬಿದ್ದ ಮೇಲೆ ಅದಕ್ಕೆ ಶಕ್ತಿ ಇರಲ್ಲ.”

“ನನಗ ಬ್ಯಾಡ್ರಿ. ಆಕಿ ಮುಂದ ನಿಂತು ಹೇಳ್ರಿ. ಆಕಿಗೆ ತಿಳಿಯೂ ಮಾತಿನ್ಯಾಗ ಹೇಳ್ರಿ.”

ಅವರು ಸಬ್ಹಾಳ ಎದುರು ಬಂದು ನಿಂತರು. ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ಆ ಹುಲ್ಲನ್ನು ದನಕರುಗಳಿಗೆ ಹಾಕಬಾರದು. ಬರಿಗೈಯಲ್ಲಿ ಕೀಳಬಾರದು. ಹೊಲ ಉತ್ತು ಹಾಕಿ. ಬಿತ್ತಬಹುದು.

“ನವೆಂಬರಿನಲ್ಲಿ?”

“ನವೆಂಬರಿನಲ್ಲಿ ಬಿತ್ತಬಹುದು. ಬರುತ್ತೆ.”

ಸಬ್ಹಾ ಆ ಮಾತನ್ನು ತನ್ನ ಭಾಷೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು, ಅವ್ವನಿಗೆ ಒಯ್ಯುವ ದಾರಿಯಲ್ಲಿ ಎಲ್ಲಿ ಚೆಲ್ಲಿಹೋದೀತೋ ಎಂದು. ಆಮೇಲೆ ತಲೆಯೆತ್ತಿ ಕೇಳಿದಳು: “ನನ್ನ ಅಪ್ಪನ ಕಣ್ಣು?”

ಹಯವದನರು ಹುಲ್ಲು ನೋಡಿದರು.

“ನನ್ನ ಅಪ್ಪನ ಕಣ್ಣು ಬರುತ್ತಾ?”

ಆ ದೊಡ್ಡ ಪ್ರಯೋಗಶಾಲೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಕ್ಕಿಲ್ಲ.

ನಾನು ಎದ್ದೆ. ಪೆಟ್ಟಿಗೆ ತೆಗೆದೆ. ಪದ್ಮ ಕೈ ಚಾಚಿದರು, “ಕೊಡಿ, ನಾನು ಹಂಚ್ತೀನಿ,” ಎಂದು.

ನಾನು ಕೊಡಲಿಲ್ಲ. ಅವರ ಕಣ್ಣೆದುರಿಗೇ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದೆ. ಒಂದು ತಟ್ಟೆ ತೆಗೆದೆ. ಲಾಂಡ್ರಿಯ ಕಾರದಲ್ಲಿ ಬಿರುಕು ಬಿಟ್ಟ ಈ ಅಂಗೈಯಿಂದ ಅದರ ಒಳಗನ್ನು ಒರೆಸಿದೆ. ಅನ್ನ ಬೀಳುವ ಜಾಗವನ್ನೇ ಒರೆಸಿದೆ.

“ಧೂಳು ಬಿದ್ದಿರ್ತದ್ರಿ ಅಕ್ಕಾರ,” ಎಂದು ನೀಡಿದೆ.

ಪದ್ಮ ತಟ್ಟೆ ನೋಡಿದರು, ನನ್ನ ಕೈ ನೋಡಿದರು. ಮಗಳು ಅವರ ಸೆರಗು ಜಗ್ಗಿದಳು. ಅವರು ತಟ್ಟೆ ತಗೊಂಡರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದರು. ಒಂದೊಂದು ತಟ್ಟೆಯನ್ನೂ ಒರೆಸಿಯೇ ಕೊಟ್ಟೆ. ಜಗನ್ನಾಥರು ತಗೊಂಡರು. ಹಿಂದಿನಿಂದ ಮಾತಾಡಿದ ಹೆಂಗಸೂ ತಗೊಂಡಳು. ಹಯವದನರು ಮಾತ್ರ ಉಣ್ಣದೆ ಕಾರು ಹತ್ತಿದರು.

ಶರಣಪ್ಪನಿಗೆ ಓಕ್ ಬ್ರೂಕ್‌ನಿಂದ ಕರೆ ಬರಲಿಲ್ಲ. ಬರುವುದಿಲ್ಲ ಎಂದು ಅವನು ಕಾಯಲೂ ಇಲ್ಲ. ಇನ್ನೂ ಬಣ್ಣದ ಗೂಡಿನಲ್ಲಿದ್ದಾನೆ, ಇನ್ನೂ ಕೆಮ್ಮುತ್ತಾನೆ. ಅದಕ್ಕೆ ನನಗೆ ದುಃಖವಿದೆ. ಪೆಟ್ಟಿಗೆಯ ಮೇಲೆ ಕೂತದ್ದಕ್ಕೆ ಇಲ್ಲ.

ಮರು ವರ್ಷ ಬೇಸಿಗೆಯಲ್ಲಿ ಸಬ್ಹಾಳ ಅತ್ತೆ ಮತ್ತೆ ಊರಿಗೆ ಹೋಗಿ ಬಂದಳು. ಊಟದ ಬಿಡುವಿನಲ್ಲಿ ಸಬ್ಹಾ ಅದೇ ದಿಂಬು ತಂದು ಹೊಲಿಗೆ ಬಿಚ್ಚಿದಳು. ಅರ್ಧ ಹೊಲಕ್ಕೆ ಸೇನೆ ತಂತಿ ಎಳೆದಿದೆ ಎಂದಳು. ಉಳಿದ ಅರ್ಧ ಬಿತ್ತಿದರು, ಬಂತು. ಅಪ್ಪ ಕಾಣದ ಕಣ್ಣಲ್ಲೇ ಹೊಲಕ್ಕೆ ಹೋಗಿ ತೆನೆ ಮುಟ್ಟಿ ಮುಟ್ಟಿ ನೋಡಿದನಂತೆ. ದಿಂಬಿನೊಳಗೆ ಹಸಿರು ಮಾಸದ ಕಾಳು, ಮೂಗಿಗೆ ಹೊಗೆಯ ವಾಸನೆ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ಒಂದು ಹಿಡಿ ತೆಗೆದು ನನ್ನ ಬಾಯಿಗೇ ಹಿಡಿದಳು.

“ತಿನ್ನು, ಗಂಗಾ.”

ತಿಂದೆ. ಕಣ್ಣಲ್ಲಿ ನೀರು ಬಂತು. ಸೀತನಿಯೇ. ಯಾರೂ ಬೂದಿಯಲ್ಲಿ ಬಿಟ್ಟು ಎದ್ದು ಹೋದದ್ದಲ್ಲ, ಮೊದಲ ಹಿಡಿ.

ಆಗಸ್ಟ್ ಹತ್ತಿರ ಬಂದಾಗ ಪದ್ಮ ಫೋನ್ ಮಾಡಿದರು. ಮಾತು ಅದೇ ಬೆಣ್ಣೆ.

“ನೀಲಗಂಗಾ, ಈ ಸಲ ಪ್ಲೇಟ್ ನಾವೇ ತಂದ್ಬಿಡ್ತೀವಿ. ನೀವು ಏನೂ ತರಬೇಡಿ, ಸುಮ್ನೆ ಬನ್ನಿ.”

“ಸುಮ್ನ ಬರಂಗಿಲ್ರಿ ಅಕ್ಕಾರ. ಅಡಗಿ ಮಾಡ್ಕೊಂಡು ಬರ್ತೀನಿ. ಸುಟ್ಟ ಗೋಧಿದು. ದೊಡ್ಡ ಬೋಗುಣಿ ತುಂಬ.”

ಆ ತುದಿಯಲ್ಲಿ ಪದ್ಮ ಅವರ ಬಳೆಗಳು ಸದ್ದು ಮಾಡಿದವು.

“ಅಯ್ಯೋ, ಅಷ್ಟೊಂದು ಯಾರು ತಿಂತಾರೆ ಅಂತ...”

“ನಾ ತಿಂತೀನಿ, ನನ್ನ ಗಂಡ ತಿಂತಾನ, ಸಬ್ಹಾ ತಿಂತಾಳ. ನಿಮಗ ಬೇಕಂದ್ರ ನಿಮ್ಮ ತಾಟು ತಗೊಂಡು ಬಂದು ಸಾಲಿನ್ಯಾಗ ನಿಲ್ರಿ.”